ಬ್ಯಾಟರಿ ಅಕ್ಕ ಬರುವ ಹೊತ್ತು

ನಿಮ್ಮ ಬಾಯಿಯೊಳಗೆ ನಿಮ್ಮವೇ ಮೂರು ಬೆರಳು, ಒಂದರ ಮೇಲೊಂದು ನಿಲ್ಲಿಸಿದರೆ, ಹಿಡಿಯುತ್ತವೆಯೇ? ಈಗಲೇ ಹಾಕಿ ನೋಡಬೇಡಿ. ಬಸ್ಸಿನಲ್ಲಿ ಕೂತು ಓದುತ್ತಿದ್ದರೆ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋಗುತ್ತಾರೆ. ಮನೆಗೆ ಹೋಗಿ, ಕೈ ತೊಳೆದುಕೊಂಡು, ಬಾಗಿಲು ಹಾಕಿಕೊಂಡು ನೋಡಿ. ಹಿಡಿಯದಿದ್ದರೆ ಮಾತ್ರ ನಗಬೇಡಿ.

ಪ್ರಶ್ನೆ ನನ್ನದಲ್ಲ. ಮೊನ್ನೆ ಫೋನಿನಲ್ಲಿ ಅಕ್ಷರ ಒತ್ತುವುದನ್ನು ಮೊಮ್ಮಗಳು ಕಲಿಸುತ್ತಿದ್ದಳು. ನಾನು ಏನನ್ನೋ ಒತ್ತಿ, ಏನಾಯಿತೆಂದು ಫೋನು ತಿರುವಿ ನೋಡಿದೆ. ಅದರ ಬೆನ್ನಿನಿಂದ ಬೆಳಕು ಹೊರಟು ನೆಟ್ಟಗೆ ಮುಖಕ್ಕೆ ಹೊಡೆಯಿತು. ಬೆಚ್ಚಿ ಬಾಯಿ ತೆರೆದೆ. ತೆರೆದದ್ದೇ ತಡ, ನಾಲಿಗೆ ತಾನಾಗಿ ಬಲಗೆನ್ನೆಯ ಒಳಮೈಗೆ ಹೋಗಿ ಒಂದು ಜಾಗ ತಡಕಾಡಿತು. ಮೂಗಿಗೆ ಹಂಚಿನ ಮೇಲೆ ಸುಟ್ಟ ತಂಬಾಕಿನ ವಾಸನೆ ಬಂತು. ನಮ್ಮ ಮನೆಯಲ್ಲಿ ತಂಬಾಕು ಸುಟ್ಟು ಎಷ್ಟು ವರ್ಷವಾಯಿತೋ...

“ಆಯಿ, ಬ್ಯಾಟರಿ ಹಚ್ಚಿಬಿಟ್ಟಿ ನೋಡು,” ಎಂದು ಮೊಮ್ಮಗಳು ಫೋನು ಕಸಿದುಕೊಂಡಳು.

ನಮ್ಮ ಕಡೆ ಟಾರ್ಚಿಗೆ ಬ್ಯಾಟರಿ ಎನ್ನುತ್ತೇವೆ. ನಮ್ಮ ಬಾಯಿ ನೋಡಲು ಬರುತ್ತಿದ್ದವಳಿಗೆ ಬ್ಯಾಟರಿ ಅಕ್ಕ ಎಂದು ಹೆಸರು ಬಿದ್ದದ್ದೂ ಹಾಗೆಯೇ.

ಆಕೆ ಸುರಪುರದಲ್ಲಿ ಕಚೇರಿಯಿದ್ದ ಒಂದು ಸಂಸ್ಥೆಯವಳು. ಸಂಸ್ಥೆಯವರು ಮೊದಲ ಸಲ ನಮ್ಮ ಬೋನಾಳಕ್ಕೆ ಬಂದಾಗ ಜೀಪಿಗೆ ಮೈಕು ಕಟ್ಟಿಕೊಂಡು ಬಂದಿದ್ದರು. ತಲೆಬುರುಡೆಯ ಚಿತ್ರ ಎತ್ತಿ ಹಿಡಿದು, ತಂಬಾಕು ಬಿಡಿರಿ ಎಂದು ಕೂಗಿದರು. ನಾವು ಹೆಂಗಸರು ಕಟ್ಟೆಯ ಮೇಲೆ ಸಾಲಾಗಿ ಕೂತು, ಸುಟ್ಟ ತಂಬಾಕಿನ ಪುಡಿಯಲ್ಲಿ ಹಲ್ಲು ತಿಕ್ಕುತ್ತಲೇ ಕೇಳಿಸಿಕೊಂಡೆವು. “ಬುರುಡಿ ಹಲ್ಲು ನಮ್ಮ ಹಲ್ಲಿಗಿಂತ ಬೆಳ್ಳಗದಾವಲ್ಲ, ಯಾವ ಪುಡಿ ಹಚ್ತದಂತ ಕೇಳ್ರೆವ್ವ,” ಎಂದು ನಾನು ಅಂದೆ. ಎಲ್ಲರೂ ನಕ್ಕರು. ಜೀಪು ಹೋಯಿತು. ಆಮೇಲೆ ಸಂಸ್ಥೆಯವರು ಏನು ಯೋಚಿಸಿದರೋ, ಮೈಕು ಬಿಟ್ಟು ಈಕೆಯೊಬ್ಬಳನ್ನು ಕಳಿಸಿದರು.

ಬರುತ್ತಿದ್ದುದು ನಡುಮಧ್ಯಾಹ್ನ. ಗಂಡಸರು ಹೊಲಕ್ಕೆ, ಕುರಿಗಳ ಹಿಂದೆ ಹೋಗಿರುತ್ತಿದ್ದರು. ಅವರೆದುರು ಹೆಂಗಸರು ಬಾಯಿ ತೆರೆದು ಕೂರುವುದಿಲ್ಲ ಎಂಬುದು ಆಕೆಗೆ ಗೊತ್ತಿತ್ತು. ಬಿಸಿಲಿಗೆ ಬೆನ್ನು ಕೊಟ್ಟು ಬಾಗಿಲಲ್ಲಿ ನಿಂತರೆ ಮುಖ ಕಪ್ಪಾಗಿ ಕಾಣುತ್ತಿತ್ತು. ಒಳಗೆ ಬಂದು ಎದುರು ಕೂತಳೆಂದರೆ ಕಣ್ಣಿಗೆ ಬ್ಯಾಟರಿ. ಇವೆರಡರ ನಡುವೆ ಆಕೆಯ ಮುಖವನ್ನು ನಾನು ಸರಿಯಾಗಿ ನೋಡಿದ್ದೇ ಇಲ್ಲವೇನೋ... ಈಗ ಎಷ್ಟು ನೆನೆಸಿಕೊಂಡರೂ ಒಂದು ಸೀರೆಯ ಅಂಚು, ಒಂದು ಹೆಗಲಚೀಲ, ತಣ್ಣಗಿನ ಮೂರು ಬೆರಳು ನೆನಪಾಗುತ್ತವೆ.

ಮೊದಲು ನೋಡಿದ್ದು ಓಣಿಯ ಕೊನೆಯ ಮನೆಯ ಮುದುಕಿಯ ಬಾಯಿ. ತಮಾಷೆ ನೋಡಲು ನಾವೆಲ್ಲ ನೆರೆದಿದ್ದೆವು. ಬಾಯಿ ಎಷ್ಟು ತೆರೆಯುತ್ತದೆಂದು ಮೂರು ಬೆರಳು ಇಟ್ಟು ನೋಡಿದಳು, ಹೋಗಲಿಲ್ಲ. ಒಂದೇ ಹೋಯಿತು. ಬ್ಯಾಟರಿಯನ್ನು ತುಟಿಗೆ ತಾಗಿಸಿ ಹಚ್ಚಿದಾಗ, ಆ ಕತ್ತಲೆ ಕೋಣೆಯಲ್ಲಿ ಮುದುಕಿಯ ಕೆನ್ನೆ ಒಳಗಿನಿಂದ ಕೆಂಪಗೆ ಹೊತ್ತಿಕೊಂಡಿತು. ನಡುವೆ ಒಂದು ಕಡೆ ಮಾತ್ರ ಬೆಳಕು ಹಾಯಲಿಲ್ಲ.

“ತಂಬಾಕ ಎಡಕ್ಕ ಇಟ್ಕೋತೀರಿ. ಮಲಗುವಾಗೂ ಬಾಯಾಗ ಇರ್ತದ. ಹೌದಲ್ರಿ?” ಎಂದಳು ಅಕ್ಕ.

ಮುದುಕಿ ನಮ್ಮ ಕಡೆ ನೋಡಿದಳು. ನಾವು ಯಾರೂ ಹೇಳಿರಲಿಲ್ಲ. ಎಡಕ್ಕೋ ಬಲಕ್ಕೋ ಎಂಬುದು ನಮಗೇ ಗೊತ್ತಿರಲಿಲ್ಲ. ಇಟ್ಟ ಕಡೆ ಕೆನ್ನೆ ಬೆಳ್ಳಗಾಗಿ ದಪ್ಪಗಾಗುತ್ತದೆ, ನೋಡಿ ಪಳಗಿದ ಕಣ್ಣಿಗೆ ಅಷ್ಟೇ ಸಾಕು ಎಂಬುದು ಈಗ ನನಗೆ ತಿಳಿದಿದೆ. ಅವತ್ತು ಮಾತ್ರ ನಾವೆಲ್ಲ ಸೆರಗಿನಿಂದ ಬಾಯಿ ಮುಚ್ಚಿಕೊಂಡೆವು.

ಅಕ್ಕ ತಾನೇ ಜೊತೆಗೆ ಹೋಗಿ ಮುದುಕಿಯನ್ನು ದವಾಖಾನೆಗೆ ಸೇರಿಸಿದಳು. ತಿಂಗಳೊಳಗೆ ಮುದುಕಿ ತೀರಿಕೊಂಡಳು. ಎರಡನೆಯವಳು ಕುರಿ ಕಾಯುವವನ ಹೆಂಡತಿ. ಆಕೆಯ ಬಾಯಿ ನೋಡಿ ಅಕ್ಕ ದವಾಖಾನೆಗೆ ಕರೆದುಕೊಂಡು ಹೋದಳು; ಆಕೆಯೂ ತಿರುಗಿ ಬರಲಿಲ್ಲ.

ಇಲ್ಲಿಂದ ಮುಂದಿನದು ನನ್ನ ಕಿತಾಪತಿ. ನಾನು ದಿನಕ್ಕೆ ಆರು ಸಲ ತಿಕ್ಕುತ್ತಿದ್ದೆ. ನನ್ನ ಬಾಯಿಯ ಸರದಿ ಬರುವುದು ನನಗೆ ಬೇಡವಾಗಿತ್ತು. ನಳದ ಕಟ್ಟೆಯ ಹತ್ತಿರ ಕೊಡ ತುಂಬುವಾಗ ಸುಮ್ಮನೆ ಅಂದುಬಿಟ್ಟೆ: “ಆಕಿ ಬಾಯಿ ನೋಡಾಕ ಬರಂಗಿಲ್ರೆವ್ವ. ಜೀವ ಎಲ್ಲಿ ಕುಂತದಂತ ಬ್ಯಾಟರಿ ಹಚ್ಚಿ ಹುಡುಕ್ತಾಳ. ಸಿಕ್ತಂದ್ರ ಚೀಲದಾಗ ಹಾಕ್ಕೊಂಡು ಸುರಪುರ ಬಸ್ ಹತ್ತತಾಳ.”

ನಗಲಿ ಎಂದು ಅಂದದ್ದು. ಯಾರೂ ನಗಲಿಲ್ಲ. ಕೊಡಗಳು ತುಂಬಿ ಹರಿಯುತ್ತಿದ್ದವು, ಒಬ್ಬರೂ ನಳ ಬಂದ್ ಮಾಡಲಿಲ್ಲ.

ಅಷ್ಟಕ್ಕೇ ಬಿಡದೆ, ಮನೆಗೆ ಬಂದು ಸುಣ್ಣದಲ್ಲಿ ಬೆರಳದ್ದಿ ನನ್ನ ಬಾಗಿಲಿನ ಮೇಲೆ ‘ನಾಳೆ ಬಾ’ ಎಂದು ಬರೆದೆ. ನಾನು ಚಿಕ್ಕವಳಿದ್ದಾಗ ಊರೊಳಗೆ ದೆವ್ವ ತಿರುಗುತ್ತದೆಂದು ಸುದ್ದಿ ಹಬ್ಬಿದರೆ ಹೀಗೆ ಬರೆಯುತ್ತಿದ್ದರು. ದೆವ್ವ ಓದಿಕೊಂಡು ಹೋಗುತ್ತದೆ, ಮರುದಿನ ಬರುತ್ತದೆ, ಮತ್ತೆ ಅದನ್ನೇ ಓದಿ ಹೋಗುತ್ತದೆ. ಮೂರು ದಿನದಲ್ಲಿ ಓಣಿಯ ಎಲ್ಲ ಬಾಗಿಲಿಗೂ ‘ನಾಳೆ ಬಾ’. ಬರೆಯಲು ಬಾರದವರಿಗೆ ನಾನೇ ಬರೆದುಕೊಟ್ಟೆ.

ಅಕ್ಕ ಬಂದಳು. ಓಣಿಯಲ್ಲಿ ಬಾಗಿಲುಗಳೆಲ್ಲ ಮುಚ್ಚಿದ್ದವು. ನಾನು ಬಿರುಕಿನಲ್ಲಿ ಕಣ್ಣಿಟ್ಟು ನೋಡುತ್ತಿದ್ದೆ. ಆಕೆ ಬಾಗಿಲು ಬಡಿಯಲಿಲ್ಲ, ಕರೆಯಲಿಲ್ಲ. ನಿಂತು ನಿಧಾನವಾಗಿ ಓದಿದಳು. ಮುಚ್ಚಿದ ಬಾಗಿಲಿಗೆ, ಎದುರು ಯಾರೋ ಕೂತಿದ್ದಾರೆ ಎಂಬಂತೆ, “ಆಯ್ತ್ರಿ” ಎಂದಳು. ಮುಂದಿನ ಮನೆಗೆ ಹೋದಳು. ಓದಿದಳು. “ಆಯ್ತ್ರಿ.” ಅದರ ಮುಂದಿನದಕ್ಕೆ. “ಆಯ್ತ್ರಿ.”

ಮರುದಿನ ಅದೇ ಹೊತ್ತಿಗೆ ಬಂದಳು. ಅದರ ಮರುದಿನವೂ. ಪ್ರತಿ ಬಾಗಿಲನ್ನೂ ಮೊದಲ ಸಲ ಓದುವವಳಂತೆ ಓದುತ್ತಿದ್ದಳು. ಮೂರು ದಿನ ನಾನು ಒಳಗೆ ಹೊಟ್ಟೆ ಹಿಡಿದುಕೊಂಡು ನಕ್ಕೆ. ನಾಲ್ಕನೆಯ ದಿನ ನಗು ಬರಲಿಲ್ಲ. ಯಾರನ್ನು ಕಂಡರೂ ಬೊಗಳುವ ಓಣಿಯ ನಾಯಿಗಳು ಆಕೆ ಬಂದರೆ ನೆರಳಿನಲ್ಲಿ ಹಾಗೇ ಮಲಗಿರುತ್ತಿದ್ದವು. ಆಕೆಯ ಚಪ್ಪಲಿಯ ಸದ್ದು ಮನೆಯಿಂದ ಮನೆಗೆ ಹತ್ತಿರವಾಗಿ, ನನ್ನ ಬಾಗಿಲಿನ ಆಚೆ ನಿಲ್ಲುತ್ತಿತ್ತು. ಕೆರೆಯ ಕಡೆಯಿಂದ ಹಕ್ಕಿಗಳ ಸದ್ದು ಒಮ್ಮೆಗೇ ಅಡಗಿದಂತಾಗುತ್ತಿತ್ತು. ನಾನು ಕಟ್ಟಿದ ಕಥೆ ನನ್ನನ್ನೇ ಹುಡುಕಿಕೊಂಡು ಬಂದು ಹೊಸ್ತಿಲಾಚೆ ಉಸಿರಾಡುತ್ತಿತ್ತು.

ಗೋಡೆಯ ಆಚೆ ನನ್ನ ನೆಗೆಣ್ಣಿ ಇದ್ದಳು, ಮೈದುನನ ಹೆಂಡತಿ. ನನಗಿಂತ ಚಿಕ್ಕವಳು. ಇಬ್ಬರದೂ ಒಂದೇ ತಂಬಾಕಿನ ಡಬ್ಬಿ. ಆ ದಿನಗಳಲ್ಲಿ ಆಕೆ ಖಾರ ತಿನ್ನುವುದು ಬಿಟ್ಟಿದ್ದಳು. ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ನುಂಗುತ್ತಿದ್ದಳು. ಒಂದು ದಿನ ಕೈ ಹಿಡಿದು ಕೇಳಿದೆ. ಸೆರಗು ಸರಿಸಿ ತೋರಿಸಿದಳು. ಒಳಗೆನ್ನೆಯಲ್ಲಿ ಹುಣ್ಣು. ಎರಡು ತಿಂಗಳಿಂದ ಮಾಯ್ದಿರಲಿಲ್ಲ.

“ಬ್ಯಾಟರಿ ಅಕ್ಕಗ ತೋರಿಸು,” ಎಂದೆ.

“ಬ್ಯಾಡಕ್ಕ. ಜೀವ ಒಯ್ತಾಳ.”

“ಅದು ನಾ ಕಟ್ಟಿದ ಕಥಿ ಅದ. ನಗ್ಲಿ ಅಂತ ಹೇಳೀನಿ.”

“ನನ್ನ ಸಮಾಧಾನಕ್ಕ ಈಗ ಸುಳ್ಳ ಹೇಳಾಕತ್ತಿ,” ಎಂದು ಅತ್ತಳು.

ಸುಳ್ಳು ಹೇಳಿದಾಗ ಇಡೀ ಊರು ನಂಬಿತ್ತು. ಖರೆ ಹೇಳಿದರೆ ಒಬ್ಬಳೂ ನಂಬಲಿಲ್ಲ. ಬೇರೆ ದಾರಿ ಕಾಣದೆ ಮರುದಿನ ನನ್ನ ಬಾಗಿಲಿನ ಸುಣ್ಣ ಒರೆಸಿ, ಬಾಗಿಲು ತೆರೆದಿಟ್ಟು, ಹೊರಗಿನ ಕಟ್ಟೆಯ ಮೇಲೆ ಕೂತೆ. ಓಣಿಯ ಎಲ್ಲ ಬಿರುಕುಗಳಲ್ಲೂ ಕಣ್ಣುಗಳಿದ್ದವು.

ಅಕ್ಕ ಬಂದು ನಿಂತಳು. “ನಾಳೆ ಬಾ ಅಂದಿದ್ರಿ. ಬಂದೀನ್ರಿ.”

ಮೂರು ಬೆರಳು ಹೋದವು, ಬಿಗಿಯಾಗಿ. ಬ್ಯಾಟರಿ ಹಚ್ಚಿದಳು. ನನ್ನ ಕೆನ್ನೆ ಒಳಗಿನಿಂದ ಬೆಚ್ಚಗಾಗುತ್ತಿರುವುದು ನನಗೇ ಗೊತ್ತಾಗುತ್ತಿತ್ತು. “ಬಲಕ್ಕ ಬಿಳಿ ಕಲಿ ಬಿದ್ದದ ಯವ್ವಾ. ದವಾಖಾನ್ಯಾಗ ಒಮ್ಮೆ ತೋರಸೂಣು. ದಿನಕ್ಕ ಎಷ್ಟು ಸಲ?”

“ಆರು.”

“ಈ ವಾರ ಐದು ಮಾಡೂಣೇನ್ರಿ?”

ಬಿಡು ಎನ್ನಲಿಲ್ಲ. ಚಟ ಎಂಬ ಮಾತು ಆಕೆಯ ಬಾಯಲ್ಲಿ ನಾನು ಎಂದೂ ಕೇಳಲಿಲ್ಲ. ಆರನೆಯ ಸಲ ಕೈ ಡಬ್ಬಿಗೆ ಹೋದಾಗ ಬಾಯಿಗೆ ಹಾಕಿಕೊಳ್ಳಲಿಕ್ಕೆ ಒಂದು ಹಿಡಿ ಹುರಿದ ಸೋಂಪು ಕೊಟ್ಟಳು. ಧೈರ್ಯ ಬಂದು, “ನನ್ನ ಜೀವ ಸಿಕ್ತೇನು?” ಎಂದೆ. “ಸಿಕ್ತ್ರಿ. ಭಾಳ ವಜ್ಜಿ ಅದ, ನನಗ ಎತ್ತಾಕ ಆಗಂಗಿಲ್ಲ. ನೀವ ಇಟ್ಕೋರಿ,” ಎಂದಳು.

ನೆಗೆಣ್ಣಿ ಅಷ್ಟಕ್ಕೆ ಒಪ್ಪಲಿಲ್ಲ. “ಅಮಾಸಿ ತನಕ ನೀ ಬದುಕಿದ್ರ ನಾನೂ ತೋರಿಸ್ತೀನಿ,” ಎಂದು ಗಡುವು ಹಾಕಿದಳು. ಅಮಾವಾಸ್ಯೆಗೆ ಹತ್ತೊಂಬತ್ತು ದಿನವಿತ್ತು. ದಿನಾ ಮುಂಜಾನೆ ಗೋಡೆಯನ್ನು ಟಕ್ ಟಕ್ ಎಂದು ಬಡಿಯುತ್ತಿದ್ದಳು. ನಾನು ತಿರುಗಿ ಬಡಿದರೆ ಬದುಕಿದ್ದೇನೆ ಎಂದು ಅರ್ಥ. ನೀರಿಗೆ ಹೋಗುವವರು ದಾರಿ ಬಿಟ್ಟು ಬಂದು ನನ್ನ ಬಾಗಿಲಲ್ಲಿ ಇಣುಕಿ, ನಾನು ಕೆಮ್ಮಿದ ಮೇಲೆ ಮುಂದೆ ಹೋಗುತ್ತಿದ್ದರು. ಇಡೀ ಓಣಿ ನನ್ನ ಸಾವನ್ನು ಕಾಯುತ್ತಿತ್ತು. ನಾನೂ ಎದ್ದ ಕೂಡಲೇ ಕನ್ನಡಿಯಲ್ಲಿ ಬಾಯಿ ನೋಡಿಕೊಳ್ಳುತ್ತಿದ್ದೆ.

ಅಕ್ಕನಿಗೆ ನೆಗೆಣ್ಣಿಯ ಹುಣ್ಣಿನ ಸುದ್ದಿ ಹೇಳಿ, ಒಳಗೆ ನುಗ್ಗಿ ನೋಡು ಎಂದು ಕಾಡಿದೆ. ಆಕೆ ದಿನಾ ಆ ಬಾಗಿಲೆದುರು ಹೆಚ್ಚು ಹೊತ್ತು ನಿಂತಳು, ಜಲ್ದಿ ತೋರಿಸಿದರೆ ವಾಸಿಯಾಗುತ್ತದೆ ಎಂದು ಹೊರಗಿನಿಂದಲೇ ಹೇಳಿದಳು. ನುಗ್ಗಲಿಲ್ಲ. “ಜಬರ್ದಸ್ತಿ ಮಾಡಿ ತೆರೆಸಿದ ಬಾಯಿ ಮತ್ತೊಮ್ಮೆ ನನ್ನ ಮುಂದ ತೆರಿಯಂಗಿಲ್ಲ ಯವ್ವಾ. ಆಕಿ ದವಾಖಾನಿಗೆ ಹತ್ತು ಸಲ ಬರಬೇಕಾಗ್ತದ.”

ಅಮಾವಾಸ್ಯೆ ಬಂತು. ಮುಂಜಾನೆ ಗೋಡೆ ಟಕ್ ಟಕ್ ಎಂದಿತು. ನಾನು ಕೈ ಎತ್ತಿದೆ... ಮತ್ತೆ ಇಳಿಸಿದೆ. ಕೊನೆಯ ದಿನ, ಒಂದು ಸಲ ಹೆದರಿಸೋಣ ಅನಿಸಿತು. ನಗು ತಡೆಯಲು ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತೆ. ಮತ್ತೆ ಬಡಿದಳು. ಮೂರನೆಯ ಸಲ ಬಡಿದಳು. ಆಮೇಲೆ ಗೋಡೆ ಸುಮ್ಮನಾಯಿತು. ನಾನು ಎದ್ದು, ಮೆಲ್ಲಗೆ ಸುತ್ತು ಹಾಕಿ, ಬಾಗಿಲಲ್ಲಿ ಹಾರಿ ನಿಲ್ಲಬೇಕೆಂದು ಹೋದರೆ ಮನೆ ಖಾಲಿ. ಹಿತ್ತಲ ಬಾಗಿಲು ತೆರೆದಿತ್ತು.

ರಸ್ತೆಗೆ ಓಡಿದೆ. ತಲೆಗೂದಲು ಕಟ್ಟಿರಲಿಲ್ಲ. ಆಕೆ ಗಂಟು ಹಿಡಿದು ಟಂಟಂ ಗಾಡಿ ಹತ್ತಿದ್ದಳು. “ನಿಂದ್ರಲೇ! ಜೀವಂತ ಅದೀನಿ!” ಎಂದು ಕೂಗಿದೆ. ಆಕೆ ಹಿಂದೆ ತಿರುಗಿ ನನ್ನನ್ನು ನೋಡಿದಳು. ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಟಂಟಂ ಹೋಯಿತು.

ಅವತ್ತು ಮಧ್ಯಾಹ್ನ ಅಕ್ಕನ ಮುಂದೆ ಎಲ್ಲವನ್ನೂ ಹೇಳಿದೆ. ನಳದ ಕಟ್ಟೆಯ ಮಾತು, ಸುಣ್ಣದ ಬರಹ, ಮುಂಜಾನೆಯ ಗೋಡೆ. ಬೈಯಲಿ ಎಂದು ಕಾದೆ. “ಆಕಿ ತವರುಮನಿ ಯಾವೂರ್ರಿ?” ಎಂದಷ್ಟೇ ಕೇಳಿದಳು.

ಶಹಾಪುರ ತಾಲ್ಲೂಕಿನ ವನದುರ್ಗ. ಅಕ್ಕ ಅಲ್ಲಿಗೂ ಹೋದಳು, ವಾರಕ್ಕೊಮ್ಮೆ. ನಾನು ಬದುಕಿದ್ದೇನೆಂದು ಹೇಳಿಕಳಿಸಿದೆ. ಆದರೂ ನೆಗೆಣ್ಣಿ ಬರಲಿಲ್ಲ. ಅಲ್ಲಿನ ಕೋಟೆಯ ಕೆಳಗಿದ್ದ ತವರುಮನೆಯ ಬಾಗಿಲಿಗೂ ಸುಣ್ಣದಲ್ಲಿ ಎರಡು ಶಬ್ದ ಬರೆದಿದ್ದಳಂತೆ. ಅಕ್ಕ ಓದಿ, ಆಯ್ತ್ರಿ ಎಂದು, ಹೊರಗಿನ ಕಲ್ಲಿನ ಮೇಲೆ ಕೂತು ಊರಿನ ಬೇರೆ ಹೆಂಗಸರ ಬಾಯಿ ನೋಡಿ ಬರುತ್ತಿದ್ದಳಂತೆ. ಮೂರು ತಿಂಗಳ ಮೇಲೆ ಬಾಗಿಲು ತೆರೆಯಿತು. ಅಷ್ಟರಲ್ಲಿ ಬಾಯಿಗೆ ಒಂದೇ ಬೆರಳು ಹಿಡಿಯುತ್ತಿತ್ತು.

ದೊಡ್ಡ ದವಾಖಾನೆಯಲ್ಲಿ ದವಡೆಯ ಒಂದು ಭಾಗ ತೆಗೆದರು. ಹೋಗುವಾಗ ಬರುವಾಗ ಅಕ್ಕ ಜೊತೆಗಿದ್ದಳು. ಜೀವ ಉಳಿಯಿತು. ನೆಗೆಣ್ಣಿ ಗಂಜಿ ಕುಡಿಯುತ್ತಾ ಮನೆಗೆ ಬಂದ ದಿನ ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಅಕ್ಕ ಬ್ಯಾಟರಿಯನ್ನು ನನ್ನ ಕೈಗೆ ಕೊಟ್ಟು, “ನೀವ ಹಿಡೀರಿ. ಕಥಿ ಕಟ್ಟಿದ ಕೈಯಾಗ ಇದ್ರ ಯಾರೂ ಅಂಜಂಗಿಲ್ಲ,” ಎಂದಳು. ಆಕೆ ನನಗೆ ಕೊಟ್ಟ ಶಿಕ್ಷೆ ಅದೊಂದೇ. ಮನೆ ಮನೆ ತಿರುಗಿದೆ. ವಾರಕ್ಕೊಮ್ಮೆ ಕಟ್ಟೆಯ ಮೇಲೆ ಕೂತು, ಈ ವಾರ ಎಷ್ಟು ಸಲ ಎಂದು ಒಬ್ಬೊಬ್ಬರೂ ಹೇಳುತ್ತಿದ್ದೆವು. ಲೆಕ್ಕ ಏರಿದವಳನ್ನು ಯಾರೂ ಬೈಯುವಂತಿರಲಿಲ್ಲ. ನನ್ನದು ಐದು, ನಾಲ್ಕು, ಮತ್ತೆ ಐದು, ಮೂರು... ಹೀಗೆ ಒಂದು ದಿನ ಇಲ್ಲವೇ ಇಲ್ಲ ಎಂದಾಯಿತು. ದವಾಖಾನೆಯಲ್ಲಿ ತೋರಿಸುತ್ತಾ ಬಂದ ಬಿಳಿ ಕಲೆಯೂ ಹೋಯಿತು. ನಾಲಿಗೆ ಮಾತ್ರ ಈಗಲೂ ಅಲ್ಲಿಗೆ ಹೋಗುತ್ತದೆ.

ಕೆಲವು ವರ್ಷಗಳ ಮೇಲೆ ಆಕೆಯನ್ನು ಬೇರೆ ಊರುಗಳಿಗೆ ಹಾಕಿದರು. ಬರುವುದು ಕಡಿಮೆಯಾಯಿತು, ಆಮೇಲೆ ನಿಂತಿತು.

ಫೋನಿನ ಬೆಳಕು ಮುಖಕ್ಕೆ ಹೊಡೆದ ಮೇಲೆ ಮನಸ್ಸು ತಡೆಯಲಿಲ್ಲ. ಈಗ ಸಂಸ್ಥೆಯಿಂದ ಬರುವ ಹೊಸ ಹುಡುಗಿಯನ್ನು ಕೇಳಿದೆ. “ಅವ್ರು ತೀರಿಕೊಂಡು ಎರಡು ವರ್ಷಾತ್ರಿ ಅಮ್ಮ. ಮೂರು ದಿನ ಜ್ವರ ಬಂದಿತ್ತಂತ,” ಎಂದಳು. ನಮಗೆ ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಫೋಟೋ ಇದೆಯೇ ಎಂದೆ. ಗುಂಪಿನದೊಂದು ತೋರಿಸಿದಳು. ಸಾಲಿನಲ್ಲಿ ನಿಂತ ಅಷ್ಟು ಹೆಂಗಸರಲ್ಲಿ ಆಕೆ ಯಾರೆಂದು ನನಗೆ ಗುರುತು ಸಿಗಲಿಲ್ಲ. ಊರಿನ ಬಾಯಿಗಳನ್ನೆಲ್ಲ ನೋಡಿ ಉಳಿಸಿದವಳ ಮುಖ ನನ್ನ ಹತ್ತಿರ ಇಲ್ಲ.

ಸುದ್ದಿಯನ್ನು ನೆಗೆಣ್ಣಿಗೆ ಹೇಳಿದೆ. ಇದನ್ನೆಲ್ಲ ಬರೆಯುತ್ತೇನೆ, ನನ್ನ ಕಥೆ ನಂಬಿ ನೀನು ದವಡೆ ಕಳೆದುಕೊಂಡೆ ಎಂದೂ ಬರೆಯುತ್ತೇನೆ, ಆಮೇಲಾದರೂ ನನ್ನ ಎದೆ ಹಗುರಾಗಲಿ ಎಂದೆ. ಆಕೆಯ ಮಾತು ಬೇರೆಯವರಿಗೆ ತಿಳಿಯುವುದಿಲ್ಲ, ನನಗೆ ತಿಳಿಯುತ್ತದೆ. ಸೊಟ್ಟ ಬಾಯಿಯನ್ನು ಇನ್ನಷ್ಟು ಸೊಟ್ಟಗೆ ಮಾಡಿ ಅಂದಳು:

“ನಿನ್ನ ಕಥಿ ನಂಬಾಕ ನಾನೇನು ಹುಚ್ಚಿ ಅದೀನೇನು? ಅವತ್ತ ಮುಂಜಾನಿ ಗ್ವಾಡಿ ಆಚಿಕ ನೀ ಕಿಸಕ್ಕಂತ ನಕ್ಕಿದ್ದು ನನಗ ಕೇಳಿಸಿತ್ತು. ಜೀವ ಒಯ್ತಾಳಂತ ಅಲ್ಲ, ತಂಬಾಕ ಬಿಡಿಸ್ತಾಳಂತ ಓಡಿದ್ನಿ. ಬರಿಯೂದಿದ್ರ ಅದನ್ನ ಬರಿ.”