ಅತ್ತೆ ತೆಲುಗು ಬಿಟ್ಟದ್ದು

ನನ್ನ ಮಗಳಿಗೆ ಮಾತು ಬಾರದಿರುವುದಕ್ಕೆ ಚಿಂತಾಮಣಿಯಲ್ಲಿ ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಿದ್ದರು. ದೃಷ್ಟಿ ಎಂದವರಿದ್ದರು, ಅಪ್ಪನ ಕಡೆಯವರಿಗೆಲ್ಲ ಮಾತು ತಡ ಎಂದವರಿದ್ದರು. ಕೊನೆಗೆ ಎಲ್ಲರೂ ತಲೆಯಾಡಿಸಿದ್ದು ಒಬ್ಬ ಶಾಲೆ ಮೇಡಂ ಹೇಳಿದ ಕಾರಣಕ್ಕೆ. ಎಲ್‌ಕೆಜಿಗೆ ಸೀಟು ಕೇಳಲು ಹೋದಾಗ ಮಗಳು ಆಕೆಯ ಮುಖ ನೋಡದೆ, ಮೇಜಿನ ಮೇಲಿದ್ದ ಪೆನ್ನುಗಳನ್ನು ಸಾಲಾಗಿ ಜೋಡಿಸುತ್ತಾ ನಿಂತಿದ್ದಳು.

"ಮನೇಲಿ ಯಾವ ಭಾಷೆ ಮಾತಾಡ್ತೀರಾ?" ಎಂದು ಮೇಡಂ ಕೇಳಿದರು.

"ನಾನು ಕನ್ನಡ, ನಮ್ಮತ್ತೆ ತೆಲುಗು," ಅಂದೆ.

"ಅದಕ್ಕೇ ಮತ್ತೆ! ಎರಡೆರಡು ಭಾಷೆ ಕಿವಿಗೆ ಬಿದ್ದು ಮಗುಗೆ ಕನ್‌ಫ್ಯೂಸ್ ಆಗಿದೆ. ತೆಲುಗು ನಿಲ್ಲಿಸಿಬಿಡಿ. ಮುಂದಿನ ವರ್ಷ ಸೀಟು ನೋಡಣ."

ನನಗೆ ನಗುವೂ ಬಂತು, ಸಿಟ್ಟೂ ಬಂತು. ನಮ್ಮ ಬೀದಿಯ ಮಕ್ಕಳೆಲ್ಲ ಕನ್ನಡದಲ್ಲಿ ಒಂದು ಬೈಗುಳ, ತೆಲುಗಿನಲ್ಲಿ ಒಂದು ಬೈಗುಳ ಕಲಿತು ಬೆಳೆದವು. ಅವುಗಳ ನಾಲಗೆ ಯಾಕೆ ಕಟ್ಟಿಹೋಗಲಿಲ್ಲ? ಹಾಗಂತ ಮೇಡಂ ಎದುರೇ ಕೇಳಿದೆ. ಅವರು ಗಡಿಯಾರ ನೋಡಿಕೊಂಡರು.

ನಾನು ಕೈವಾರದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ಮಕ್ಕಳ ನಡುವೆಯೇ ಇರುವವಳಿಗೆ ಮಗಳ ರೀತಿ ಬೇರೆ ಎಂಬುದು ಯಾವಾಗಲೋ ಹೊಳೆದಿತ್ತು. ಹೆಸರು ಹಿಡಿದು ಎಷ್ಟು ಕೂಗಿದರೂ ತಿರುಗುತ್ತಿರಲಿಲ್ಲ. ಆದರೆ ಅಡುಗೆಮನೆಯಲ್ಲಿ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದ ಸದ್ದು ನಡುಮನೆಯಲ್ಲಿದ್ದವಳಿಗೆ ಕೇಳುತ್ತಿತ್ತು, ಹಾಗಾಗಿ ಕಿವಿಯಲ್ಲಿ ದೋಷವಿರಲಿಲ್ಲ. ಟೊಮ್ಯಾಟೊ ತಂದು ಸುರಿದರೆ ಎಲ್ಲದರ ತೊಟ್ಟೂ ಒಂದೇ ಕಡೆಗೆ ಇರುವಂತೆ ಜೋಡಿಸುವಳು, ಯಾರಾದರೂ ಒಂದನ್ನು ಎತ್ತಿಕೊಂಡರೆ ನೆಲಕ್ಕೆ ತಲೆ ಚಚ್ಚಿಕೊಳ್ಳುವಳು. ನೀರು ಬೇಕೆಂದರೆ ಬೆರಳು ಮಾಡಿ ತೋರಿಸದೆ, ನಮ್ಮ ಮಣಿಕಟ್ಟು ಹಿಡಿದು ಕೊಡದ ಹತ್ತಿರ ಎಳೆದೊಯ್ಯುವಳು. ಕುಕ್ಕರ್ ಕೂಗಿತೆಂದರೆ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಸೇರುವಳು. ಇದಕ್ಕೂ ತೆಲುಗಿಗೂ ಏನು ಸಂಬಂಧ? ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದ ಕಾಲ ಅದು. ಆಟಿಸಂ ಎಂಬ ಪದ ನಮ್ಮ ಬೀದಿಗೆ ಇನ್ನೂ ಬಂದಿರಲಿಲ್ಲ.

ಮೇಡಂ ಹೇಳಿದ್ದನ್ನು ನಾನು ಮನೆಯಲ್ಲಿ ತಮಾಷೆ ಮಾಡಿ ಹೇಳಿದೆ. ನನ್ನ ಗಂಡ, "ಅವ್ರು ಓದಿರೋರು, ಗೊತ್ತಿರುತ್ತೆ ಬಿಡು," ಎಂದರು. ಅತ್ತೆ ಅದನ್ನು ಕೇಳಿಸಿಕೊಂಡು ಒಳಗೆ ಹೋದರು. ಮಾರನೆಯ ಬೆಳಗಿನಿಂದ ಅವರು ಮೊಮ್ಮಗಳ ಎದುರು ಬಾಯಿ ಬಿಡುವುದನ್ನೇ ನಿಲ್ಲಿಸಿದರು.

ಅತ್ತೆಯ ತವರು ಆಂಧ್ರದ ಗಡಿಯಾಚೆ. ಅವರಿಗೆ ಬರುತ್ತಿದ್ದ ಕನ್ನಡ ಸಂತೆಗೆ ಸಾಲುವಷ್ಟು. ಬಾಯಿ ಮಾತ್ರ ಅಂಥಿಂಥದ್ದಲ್ಲ, ಹಾಲಿನವನಿಂದ ಹಿಡಿದು ಬೀದಿನಾಯಿಯವರೆಗೆ ಎಲ್ಲರನ್ನೂ ಮಾತಾಡಿಸಿಯೇ ಒಳಗೆ ಬರುವವರು. ಮಗುವಿಗೆ ಸ್ನಾನ ಮಾಡಿಸುವಾಗ, ತುತ್ತು ಕೊಡುವಾಗ, ತಲೆ ಬಾಚುವಾಗ "ನಾ ತಲ್ಲೀ, ನಾ ಬಂಗಾರೂ" ಎಂದು, ನನ್ನ ತಾಯೀ ನನ್ನ ಚಿನ್ನವೇ ಎಂದು ಹರಿಯುತ್ತಿದ್ದ ಮಾತು ಒಮ್ಮೆಗೇ ನಿಂತುಹೋಯಿತು. ತುತ್ತು ಕೊಡುವ ಕೈ ಇತ್ತು, ದನಿ ಇರಲಿಲ್ಲ. ಮಗಳು ಅತ್ತೆಯ ಬಾಯಿಯನ್ನು ಬೆರಳಿನಿಂದ ತೆರೆಯಲು ನೋಡಿದಳು. ಅತ್ತೆ ಆ ಪುಟ್ಟ ಕೈಯನ್ನು ಮೆಲ್ಲಗೆ ಬಿಡಿಸಿ ಹಿತ್ತಲಿಗೆ ಎದ್ದುಹೋದರು.

"ಕನ್ನಡದಲ್ಲಾದ್ರೂ ಮಾತಾಡಿ ಅತ್ತೆ," ಎಂದೆ.

"ಕನ್ನಡದಲ್ಲಿ ಮುದ್ದು ಮಾಡಕ್ಕೆ ನಂಗ್ ಬರಲ್ಲಮ್ಮ," ಎಂದರು. "ನನ್ ಬಾಯಿಂದ್ಲೇ ಮಗು ಬಾಯಿ ಮುಚ್ಚೋಯ್ತು. ನಾನ್ ಸುಮ್ನಿದ್ರೆ ಅದಕ್ಕೆ ಮಾತು ಬರುತ್ತೆ."

ಸ್ಟಾಫ್ ರೂಮಿನಲ್ಲಿ, "ಮನೇಲಿ ಕನ್ನಡ ಗೆದ್ದಂಗಾಯ್ತಲ್ಲ ಮೇಡಂ," ಎಂದು ಒಬ್ಬರು ಕಿಚಾಯಿಸಿದರು. ಇಂಥ ಗೆಲುವು ನಿಮ್ಮ ಮನೆಗೂ ಬರಲಿ ಎಂದೆ. ನನಗೆ ಮಗಳ ಮೌನಕ್ಕಿಂತ ಅತ್ತೆಯ ಮೌನವೇ ಹೆಚ್ಚು ಸಂಕಟ ಕೊಡುತ್ತಿತ್ತು. ಮಗಳು ತನ್ನ ಪಾಡಿಗೆ ತಾನಿದ್ದಳು, ಇವರು ತಾವೇ ತಪ್ಪಿತಸ್ಥರೆಂದು ನಂಬಿ ಕೊರಗುತ್ತಿದ್ದರು. ಕಾರಣ ಏನೆಂದು ತಿಳಿದವರ ಬಾಯಿಂದಲೇ ಕೇಳಿಸಬೇಕೆಂದು, ರಜೆ ಹಾಕಿ, ಮಗಳ ಜೊತೆ ಅತ್ತೆಯನ್ನೂ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಡಾಕ್ಟರ್ ಹೆಂಗಸು, ಮಂಗಳೂರಿನ ಕಡೆಯವರು. ಮಗಳನ್ನು ಏನೂ ಕೇಳದೆ, ಆಟದ ಸಾಮಾನು ಹರಡಿ ಪಕ್ಕದಲ್ಲಿ ನೆಲದ ಮೇಲೆ ಕೂತು ಬಹಳ ಹೊತ್ತು ನೋಡಿದರು. ಆಮೇಲೆ ನನಗೆ ಆಟಿಸಂ ಎಂದರೇನೆಂದು ಬಿಡಿಸಿ ಹೇಳಿದರು. ಇದು ಯಾರ ತಪ್ಪಿನಿಂದಲೂ ಬರುವುದಲ್ಲ, ಎರಡು ಭಾಷೆಯಿಂದಂತೂ ಅಲ್ಲವೇ ಅಲ್ಲ. ನಿಮಗೆ ಯಾವ ಭಾಷೆ ಸಲೀಸೋ ಅದರಲ್ಲೇ ಮಾತಾಡಿ, ಎದುರು ಕೂತು, ಚಿಕ್ಕ ಚಿಕ್ಕ ಮಾತಿನಲ್ಲಿ ಎಂದರು.

ಅವರಿಗೆ ತೆಲುಗು ಬಾರದು. ಒಂದೂ ಮಾತು ಬಿಡದೆ ನಾನೇ ಅತ್ತೆಗೆ ತೆಲುಗಿನಲ್ಲಿ ಹೇಳಿದೆ. ಅತ್ತೆ ನನ್ನ ಮುಖ ನೋಡಿ, "ನೀನು ಒಳ್ಳೆಯವಳು. ನನ್ನ ಸಮಾಧಾನಕ್ಕೆ ಸೇರಿಸಿ ಹೇಳ್ತೀಯ," ಎಂದುಬಿಟ್ಟರು. ಹತ್ತು ವರ್ಷ ಅವರ ಜೊತೆ ಜಗಳವಾಡಿದವಳಿಗೆ ಒಳ್ಳೆಯವಳೆಂಬ ಬಿರುದು ಬಂದದ್ದು ಅದೇ ಮೊದಲು, ಅದೂ ಬೇಡದ ಹೊತ್ತಿನಲ್ಲಿ. ನನಗೆ ಮೈಯೆಲ್ಲ ಉರಿಯಿತು.

ಹೊರಗೆ ಬೆಂಚಿನ ಮೇಲೆ ಹಿಂದೂಪುರದ ಕಡೆಯ ಒಬ್ಬ ತಾಯಿ ಮಗನ ಜೊತೆ ಕೂತಿದ್ದಳು. ಹುಡುಗ ತನ್ನ ಚಪ್ಪಲಿಗಳನ್ನು ಜೋಡಿಸುವುದು, ಸರಿಯಿಲ್ಲವೆಂದು ಕೆಡಿಸುವುದು, ಮತ್ತೆ ಜೋಡಿಸುವುದು ಮಾಡುತ್ತಿದ್ದ. ಅತ್ತೆ ಅವನನ್ನೂ ನಮ್ಮ ಮಗುವನ್ನೂ ನೋಡಿದರು. ಆಮೇಲೆ ಆ ತಾಯಿಯನ್ನು ಕೇಳಿದರು: "ಮೀ ಇಂಟ್ಲೋ ಕನ್ನಡಂ ಕೂಡಾ ಮಾಟ್ಲಾಡ್ತಾರಾ?" ನಿಮ್ಮ ಮನೆಯಲ್ಲಿ ಕನ್ನಡವನ್ನೂ ಮಾತಾಡುತ್ತಾರಾ ಎಂದು.

"ಲೇದಮ್ಮಾ, ತೆಲುಗೊಕ್ಕಟೇ," ಎಂದಳು ಆಕೆ. ಬರೀ ತೆಲುಗು. ಆದರೂ ಮಗ ಇನ್ನೂ ಅಮ್ಮಾ ಎಂದಿಲ್ಲ ಎಂದಳು.

ಅತ್ತೆ ನನ್ನ ಕಡೆ ತಿರುಗಿದರು. "ಹಾಗಾದರೆ ನನ್ನ ಮಾತಿನಿಂದ ಆಗಿದ್ದಲ್ಲವಾ ಇದು?" ಎಂದು ತೆಲುಗಿನಲ್ಲೇ ಕೇಳಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಜೋರಾಗಿ ಅತ್ತರು. ನನಗೂ ಅಳು ಬಂತು. ಆ ತಾಯಿ ಇಬ್ಬರಿಗೂ ನೀರು ಕೊಟ್ಟಳು.

ಮುಂದೆ ಮನೆಯಲ್ಲಿ ಏನೇನು ಕಲಿತೆವೆಂದು ಹೇಳಿದರೆ ಸರಳವೆನಿಸುತ್ತದೆ, ಮಾಡುವಾಗ ಸಾಕುಸಾಕಾಗುತ್ತಿತ್ತು. ಕುಕ್ಕರ್ ಇಡುವ ಮೊದಲು ಅದರ ಮುಚ್ಚಳ ತೋರಿಸಿದರೆ ಮಗಳು ತಾನೇ ಹಿತ್ತಲಿಗೆ ಹೋಗುವಳು. ಸ್ನಾನಕ್ಕೆ ಮೊದಲು ಚೊಂಬು ಕೈಗೆ ಕೊಡುವುದು. ಅವಳು ನೀರಿನ ಕೊಡದ ಹತ್ತಿರ ಎಳೆದೊಯ್ದರೆ ಅತ್ತೆ ಎದುರು ಕೂತು "ನೀಳ್ಳು" ಎಂದು ಒಂದೇ ಮಾತು ಹೇಳಿ, ಸ್ವಲ್ಪ ಕಾದು, ಆಮೇಲೆ ನೀರು ಕೊಡುವರು. ಇಂಥದ್ದಕ್ಕೆ ಅತ್ತೆಗಿದ್ದ ತಾಳ್ಮೆ ನನಗಿರಲಿಲ್ಲ. ಮಾತುಗಳು ನಿಧಾನವಾಗಿ ಬಂದವು, ಒಂದಷ್ಟು ತೆಲುಗು, ಒಂದಷ್ಟು ಕನ್ನಡ. ಬೀದಿಯ ಸರ್ಕಾರಿ ಶಾಲೆ ಅವಳನ್ನು ಸೇರಿಸಿಕೊಂಡಿತು. ಅಲ್ಲಿನ ಟೀಚರಿಗೆ ಅವಳ ರೀತಿಯನ್ನೆಲ್ಲ ನಾನೇ ಕೂತು ವಿವರಿಸಿದೆ, ಅವರು ಕೇಳಿಸಿಕೊಂಡರು.

ಇದೆಲ್ಲ ಆಮೇಲಿನದು. ಆ ಸಂಜೆ ಮೆಜೆಸ್ಟಿಕ್‌ನಲ್ಲಿ ಚಿಂತಾಮಣಿ ಬಸ್ಸು ಹತ್ತಿ ಕೂತಾಗ ಮಗಳು ಕಿಟಕಿ ಪಕ್ಕ, ನಡುವೆ ಅತ್ತೆ, ಈಚೆ ನಾನು. ಬಸ್ಸು ಹೊರಟದ್ದೇ ತಡ, ಅತ್ತೆ ಶುರು ಮಾಡಿದರು. ಲಾರಿ ನೋಡು ತಲ್ಲೀ, ದ್ರಾಕ್ಷಿ ತೋಟ ನೋಡು, ಆ ಎಮ್ಮೆ ಎಷ್ಟು ಕಪ್ಪು ನೋಡು ಎಂದು, ತಿಂಗಳುಗಟ್ಟಲೆ ನುಂಗಿಕೊಂಡಿದ್ದ ತೆಲುಗನ್ನೆಲ್ಲ ಸುರಿಯತೊಡಗಿದರು. ಮಗಳು ಒಮ್ಮೆಯೂ ತಿರುಗಿ ನೋಡಲಿಲ್ಲ. ಅತ್ತೆ ಅದಕ್ಕಾಗಿ ಕಾಯಲೂ ಇಲ್ಲ.

ಹೊಸಕೋಟೆ ದಾಟುವ ಹೊತ್ತಿಗೆ ಹಿಂದಿನ ಸೀಟಿನವರು ನನ್ನ ಭುಜ ತಟ್ಟಿ, "ಮೇಡಂ, ಆ ಮಗು ಕೇಳಿಸಿಕೊಳ್ತಾನೂ ಇಲ್ಲ. ಅಜ್ಜಿಗೆ ಸ್ವಲ್ಪ ಸುಮ್ನಿರಕ್ಕೆ ಹೇಳ್ತೀರಾ?" ಎಂದರು.

"ಇಲ್ಲ ಸಾರ್, ಹೇಳಲ್ಲ," ಎಂದೆ.