ಹದಿನೈದು ಗುಂಡಿನ ಡಬ್ಬಿ

ನಾನು ಪುಕ್ಕಲ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಬರೆಯುವುದು ಸಲೀಸು. ಧಾರವಾಡದಲ್ಲಿ ಓದುವಾಗ ನಾಯಿಗೆ ಹೆದರಿ ಓಣಿ ಬದಲಿಸುತ್ತಿದ್ದೆ. ಅಟ್ಲಾಂಟಾ ಪಕ್ಕದ ನಾರ್‌ಕ್ರಾಸ್‌ನಲ್ಲಿ ಮನೆ ಮಾಡಿದ ಮೇಲೆ, ಕಾರಿನ ಹಿಂದೆ ಪೊಲೀಸ್ ಗಾಡಿ ಕಂಡರೆ ಸಾಕು, ತಪ್ಪು ಮಾಡದಿದ್ದರೂ ಅಂಗೈ ಬೆವರುತ್ತಿತ್ತು. ನಾನು ಸೇತುವೆಗಳ ಎಂಜಿನಿಯರ್. ಯಾವ ಭಾರಕ್ಕೆ ಯಾವುದು ಮುರಿದೀತು ಎಂದು ಯೋಚಿಸುತ್ತ ಕೂರುವುದೇ ನನ್ನ ಕೆಲಸ, ಹಾಗಾಗಿ ನನ್ನ ಹೆದರಿಕೆಗೆ ಸಂಬಳವೂ ಬರುತ್ತಿತ್ತು. ಇಂಥವನು ಪಿಸ್ತೂಲು ಕೊಂಡ. ಧೈರ್ಯವಂತರೇ ಪಿಸ್ತೂಲು ಕೊಳ್ಳುತ್ತಾರೆ ಎಂದುಕೊಂಡವರಿಗೆ ಇದು ವಿಚಿತ್ರ ಅನ್ನಿಸಬಹುದು.

ತೊಂಬತ್ತರ ದಶಕದ ನಡುವಿನ ಮಾತಿದು. ಭಾರತೀಯರ ಮನೆಗಳಲ್ಲಿ ಬಂಗಾರ ಇರುತ್ತದೆ ಎಂಬ ಸಂಗತಿ ಅಲ್ಲಿನ ಕಳ್ಳರಿಗೆ ಹೇಗೋ ಗೊತ್ತಾಗಿತ್ತು. ಒಂದೇ ವಾರದಲ್ಲಿ ನಮ್ಮ ಬೀದಿಯ ಎರಡು ಮನೆಗಳ ಹಿಂಬಾಗಿಲು ಮುರಿದರು. ನನ್ನ ಹೆಂಡತಿ ಮರುದಿನವೇ ತನ್ನ ಬೋರಮಾಳ, ಪಾಟ್ಲಿ ಎಲ್ಲವನ್ನೂ ಬ್ಯಾಂಕಿನ ಲಾಕರಿನಲ್ಲಿಟ್ಟು ಬಂದು ನಿಶ್ಚಿಂತೆಯಿಂದ ಚಹಾ ಕುಡಿದಳು. ನನಗೆ ಆ ನಿಶ್ಚಿಂತೆ ಬರಲಿಲ್ಲ. ಬಂಗಾರ ಸಿಗದ ಕಳ್ಳ ಸಿಟ್ಟಿನಲ್ಲಿ ಏನು ಮಾಡಿಯಾನು, ಆರು ವರ್ಷದ ಮಗಳು ಮನೆಯಲ್ಲಿದ್ದಾಳೆ ಎಂಬ ಯೋಚನೆ ಹತ್ತಿಕೊಂಡಿತು. ಮಗಳನ್ನು ಕಾಯಲಿಕ್ಕೆ ಅಂತಲೇ ಪಿಸ್ತೂಲು ತಂದೆ. ಅದನ್ನು ಹೆಂಡತಿಗೂ ಹೇಳಿದೆ, ನನಗೆ ನಾನೂ ಎಷ್ಟೋ ಸಲ ಹೇಳಿಕೊಂಡೆ.

ಅದನ್ನು ಹಿಡಿಯಲು ಕಲಿಸಿದವರು ಬಾಗಲಕೋಟೆ ಕಡೆಯ ಒಬ್ಬ ಡಾಕ್ಟರು. ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವುದು ಅವರ ಕೆಲಸ, ಗುರಿ ಹೊಡೆಯುವುದು ಹವ್ಯಾಸ. ಶನಿವಾರ ಬೆಳಿಗ್ಗೆ ನನ್ನನ್ನೂ ಊರ ಹೊರಗಿನ ಶೂಟಿಂಗ್ ರೇಂಜಿಗೆ ಕರೆದೊಯ್ಯುತ್ತಿದ್ದರು. ನನ್ನ ಆಫೀಸಿನವನೇ ಆದ ಸೌತ್ ಕ್ಯಾರೊಲಿನಾದ ಮಾಜಿ ಸೈನಿಕನೊಬ್ಬ ಅಲ್ಲಿಗೆ ಬರುತ್ತಿದ್ದ. ಗುರಿ ಹೊಡೆದಾದ ಮೇಲೆ ಹೊರಗಿನ ಮರದ ಬೆಂಚುಗಳ ಮೇಲೆ ಕಾಫಿ, ಮಾತು.

ಆ ವರ್ಷ ಬೆಂಚಿನ ಮೇಲೆ ಇದ್ದದ್ದು ಒಂದೇ ಮಾತು. ಪಿಸ್ತೂಲಿನ ಹಿಡಿಕೆಯೊಳಗೆ ಗುಂಡು ತುಂಬಿದ ಒಂದು ತಗಡಿನ ಡಬ್ಬಿ ಕೂರುತ್ತದೆ. ಇಂಗ್ಲಿಷಿನಲ್ಲಿ ಮ್ಯಾಗಝೀನ್, ನಮ್ಮ ಮನೆಯಲ್ಲಿ ಡಬ್ಬಿ. ನನ್ನದರಲ್ಲಿ ಹದಿನೈದು ಗುಂಡು ಹಿಡಿಯುತ್ತಿದ್ದವು. ಹತ್ತಕ್ಕಿಂತ ಹೆಚ್ಚು ಹಿಡಿಯುವ ಡಬ್ಬಿಗಳನ್ನು ಇನ್ನು ಮುಂದೆ ಜನರಿಗಾಗಿ ತಯಾರಿಸಬಾರದು ಎಂದು ವಾಷಿಂಗ್ಟನ್ನಿನಲ್ಲಿ ಕಾನೂನು ಬರುವುದರಲ್ಲಿತ್ತು. ಈಗಾಗಲೇ ಇರುವವನ್ನು ಇಟ್ಟುಕೊಳ್ಳಬಹುದು, ಹೊಸವು ಬರುವುದಿಲ್ಲ.

ಮಾಜಿ ಸೈನಿಕ ಕೆಂಡವಾಗಿದ್ದ. ನನ್ನ ಡಬ್ಬಿಯಲ್ಲಿ ಎಷ್ಟಿರಬೇಕೆಂದು ವಾಷಿಂಗ್ಟನ್ನಿನಲ್ಲಿ ಕುಳಿತವನು ಯಾಕೆ ಹೇಳಬೇಕು, ಇವತ್ತು ಡಬ್ಬಿ, ನಾಳೆ ಬಂದೂಕು ಎಂದು ಅವನ ವಾದ. ಜಿಂಕೆ ಬೇಟೆಯ ಮುದುಕನೊಬ್ಬ, ಮೂರು ಗುಂಡಿಗೆ ಬೀಳದ ಜಿಂಕೆಗೆ ಹದಿನೈದು ಬೇಕೆನ್ನುವವನು ಮೊದಲು ಕನ್ನಡಕ ಬದಲಿಸಲಿ ಎಂದ. ಅಷ್ಟಕ್ಕೇ ಅರ್ಧ ಗಂಟೆ ಕೂಗಾಟವಾಯಿತು. ಕಳ್ಳರು ನಾಲ್ವರು ಬಂದರೆ ಏನು ಗತಿ ಎಂದು ಸೈನಿಕ, ನಿನ್ನ ಮನೆಗೆ ನಾಲ್ವರು ಬರುವಂಥದ್ದು ಏನಿದೆ ಎಂದು ಮುದುಕ. ಡಾಕ್ಟರು ಕಾನೂನು ಬರಲಿ ಎನ್ನುವವರು. ಅವರು ಇಂಗ್ಲಿಷಿನಲ್ಲಿ ತಣ್ಣಗೆ ಹೇಳಿದ್ದನ್ನು ದಾರಿಯಲ್ಲಿ ಕಾರಿನಲ್ಲಿ ಮತ್ತೆ ನನಗೆ ಕನ್ನಡದಲ್ಲಿ ಹೇಳಿದರು.

"ಗುಂಡು ಬಿದ್ದವರಿಗೆ ಅನಸ್ತೇಶಿಯಾ ಕೊಡಾಂವ ನಾನು. ಡಬ್ಬ್ಯಾಗ ಎಷ್ಟಿದ್ವು ಅಂತ ಅವರು ಯಾರೂ ಕೇಳಿಲ್ಲ. ಒಂದ ಬಡದಿರತದ, ಅದೊಂದ ಲೆಕ್ಕ."

ಸೈನಿಕ ಕಾನೂನಿನ ವಿರುದ್ಧ ಒಂದು ಕಾಗದ ತಂದಿದ್ದ, ನಮ್ಮ ಕಾಂಗ್ರೆಸ್ ಸದಸ್ಯರಿಗೆ. ಸಹಿಗೆಂದು ನನ್ನ ಮುಂದೆ ಹಿಡಿದಾಗ ಸಿಟಿಜನ್‌ಶಿಪ್ ಅರ್ಜಿ ಹಾಕಿದ್ದೇನೆ, ಬೇಡ ಎಂದೆ. ಮುಂದಿನ ವಾರ ಡಾಕ್ಟರು ಕಾನೂನಿನ ಪರವಾಗಿ ಇನ್ನೊಂದು ಕಾಗದ ತಂದರು. ಅವರಿಗೂ ಅದೇ ಸಬೂಬು ಹೇಳಿದೆ. ಸಂದರ್ಶನದ ದಿನ ಅಧಿಕಾರಿ ನನ್ನ ಸಹಿ ಇರುವ ಹಾಳೆಯನ್ನು ಮೇಜಿನ ಮೇಲಿಡುವ ಚಿತ್ರ ಕಣ್ಣಿಗೆ ಕಟ್ಟಿತ್ತು. ಯಾವ ಪಟ್ಟಿಯಲ್ಲೂ ಹೆಸರು ಇರಬಾರದು, ಅದೊಂದೇ ನನ್ನ ರಾಜಕೀಯ. ಆದರೆ ಸೋಮವಾರ ಆಫೀಸು ಮುಗಿಸಿ ಯಾರಿಗೂ ಹೇಳದೆ ಬಂದೂಕಿನ ಅಂಗಡಿಗೆ ಹೋಗಿ, ಬಾಗಿಲ ಹೊರಗಿನವರೆಗೆ ಬೆಳೆದಿದ್ದ ಸಾಲಿನಲ್ಲಿ ನಿಂತು, ಕಾನೂನು ಬರುವ ಮೊದಲೇ ಇರಲಿ ಎಂದು ಹದಿನೈದರ ಡಬ್ಬಿಗಳನ್ನು ಇನ್ನೂ ಎರಡು ತಂದೆ. ಸಾಲಿನಲ್ಲಿದ್ದ ಎಲ್ಲರ ಮುಖದಲ್ಲೂ ನನ್ನದೇ ಹೆದರಿಕೆ ಕಂಡು ಸ್ವಲ್ಪ ಸಮಾಧಾನವಾಗಿತ್ತು.

"ಒಂದ ಪಿಸ್ತೂಲಿಗೆ ಮೂರು ಡಬ್ಬಿ," ಎಂದಳು ಹೆಂಡತಿ. "ಕಳ್ಳರೇನು ಲಗ್ನಕ್ಕ ಬಂದಂಗ ಬಸ್ ಮಾಡಿಕೊಂಡು ಬರತಾರೇನು?"

ಕಾನೂನು ಬಂತು. ಅದಾಗಿ ಕೆಲವು ವಾರಗಳ ನಂತರ, ದಸರೆಗೆ ಎಂಟು ದಿನ ಇರುವಾಗ, ಶನಿವಾರ ಮಧ್ಯಾಹ್ನ ನಾನೊಬ್ಬನೇ ಮನೆಯಲ್ಲಿದ್ದೆ. ತಾಯಿ ಮಗಳು ಇಂಡಿಯನ್ ಅಂಗಡಿಗೆ ಹೋಗಿದ್ದರು. ಯಾರೋ ಇಬ್ಬರು ಗಂಡಸರು ಬಂದು ಬಾಗಿಲು ಬಡಿದರು. ನಾನು ತೆರೆಯಲಿಲ್ಲ. ಅವರು ಮನೆಯ ಪಕ್ಕಕ್ಕೆ ಹೋಗಿ ಮೇಲೆ ಕೆಳಗೆ ನೋಡತೊಡಗಿದರು. ನಾನು ಬೀರುವಿನ ಮೇಲಿನ ಪಿಸ್ತೂಲು ತೆಗೆದು, ಅದರ ಮೇಲ್ಭಾಗವನ್ನು ಹಿಂದಕ್ಕೆ ಎಳೆದು ಬಿಟ್ಟು, ಮೆಟ್ಟಿಲ ಹತ್ತಿರ ಕುಳಿತೆ. ಅವರು ಹೋದ ಮೇಲೆ ನೋಡಿದರೆ ಬಾಗಿಲಿಗೆ ಒಂದು ಚೀಟಿ ಸಿಕ್ಕಿಸಿದ್ದರು: ಆಲಿಕಲ್ಲಿಗೆ ಹಾಳಾದ ಛಾವಣಿ ರಿಪೇರಿ ಮಾಡಿಕೊಡುತ್ತೇವೆ. ನನ್ನ ಮೇಲೆ ನನಗೇ ಹೇಸಿಕೆಯಾಯಿತು. ಪಿಸ್ತೂಲನ್ನು ಇದ್ದಲ್ಲಿಟ್ಟು, ಯಾರಿಗೂ ಹೇಳದೆ, ಆ ಮಧ್ಯಾಹ್ನವನ್ನು ಮರೆಯಲು ನೋಡಿದೆ. ಎರಡು ದಿನ ಬಿಟ್ಟು ಪಿಸ್ತೂಲಿನ ಡಬ್ಬಿಯ ಗುಂಡು ಎಣಿಸಿದಾಗ ಹದಿನಾಲ್ಕೇ ಇದ್ದವು. ತುಂಬುವಾಗ ಎಣಿಕೆ ತಪ್ಪಿರಬೇಕು ಎಂದುಕೊಂಡು ಒಂದು ಸೇರಿಸಿ ಹದಿನೈದು ಮಾಡಿದೆ.

ನಮ್ಮ ಕಡೆ ಮಹಾನವಮಿಗೆ ಖಂಡೇ ಪೂಜೆ. ಮನೆಯಲ್ಲಿರುವ ಆಯುಧಗಳನ್ನು, ಆಯುಧವಿಲ್ಲದಿದ್ದರೆ ಕೆಲಸದ ಸಾಮಾನುಗಳನ್ನು ದೇವಿಯ ಮುಂದಿಟ್ಟು ಪೂಜಿಸುತ್ತೇವೆ. ಅಮೆರಿಕಕ್ಕೆ ಬಂದ ಮೇಲೆ ನಮ್ಮ ಪೂಜೆಗೆ ಇರುತ್ತಿದ್ದದ್ದು ನನ್ನ ಕ್ಯಾಲ್ಕುಲೇಟರ್, ಕಾರಿನ ಕೀಲಿ, ಅವಳ ಹೊಲಿಗೆಯ ಕತ್ತರಿ, ಮಗಳ ಬಣ್ಣದ ಪೆನ್ಸಿಲ್ಲು. ಆ ವರ್ಷ ನಿಜವಾದ ಆಯುಧವೇ ಮನೆಯಲ್ಲಿತ್ತು. ಹೆಂಡತಿ ಬೇಡವೆಂದಳು. ನಾನು ಹಟ ಹಿಡಿದೆ. ಯಾಕೆ ಹಟ ಹಿಡಿದೆ ಎಂದು ಈಗಲೂ ಕೇಳಿಕೊಳ್ಳುತ್ತೇನೆ. ಕುಂಕುಮ ಹಚ್ಚಿದರೆ ಅದರ ಹೆದರಿಕೆ ಹೋದೀತು ಅಂತ ಇರಬೇಕು.

ಅವಳಿಗೆ ಧೈರ್ಯ ಬರಲೆಂದು ಡಬ್ಬಿಯನ್ನು ಹೊರತೆಗೆದು, ಗುಂಡುಗಳನ್ನು ಒಂದೊಂದಾಗಿ ಸ್ಟೀಲಿನ ಬಟ್ಟಲಿಗೆ ಹಾಕಿದೆ. ಮಗಳು ಪಕ್ಕದಲ್ಲಿ ಕುಳಿತು ಕನ್ನಡದಲ್ಲಿ ಎಣಿಸಿದಳು. ಮೆಟ್ಟಿಲು, ಚಪಾತಿ, ಏನು ಕಂಡರೂ ಕನ್ನಡದಲ್ಲಿ ಎಣಿಸಬೇಕೆಂಬುದು ತಾಯಿಯ ಪಾಠ. ಹನ್ನೊಂದರ ಹತ್ತಿರ ಎಡವಿ, ನನ್ನ ಬಾಯಿ ನೋಡಿ, ಹದಿನೈದಕ್ಕೆ ಬಂದು ಚಪ್ಪಾಳೆ ತಟ್ಟಿದಳು. ಲೆಕ್ಕ ಸರಿಯಾಗಿತ್ತು. ಬಟ್ಟಲನ್ನು ಫ್ರಿಜ್ಜಿನ ಮೇಲಿಟ್ಟೆ.

"ಇನ್ನ ಇದು ಬರೇ ಕಬ್ಬಿಣ," ಎಂದೆ ಹೆಂಡತಿಗೆ. "ಒಲಿ ಮ್ಯಾಲಿನ ಹಂಚು ಇದ್ದಂಗ."

ಮಣೆಯ ಮೇಲೆ ಕೆಂಪು ಬಟ್ಟೆ ಹಾಸಿ ಪಿಸ್ತೂಲು ಇಟ್ಟೆವು. ಪಕ್ಕದಲ್ಲಿ ಖಾಲಿ ಡಬ್ಬಿ. ಮೊದಲು ಪಿಸ್ತೂಲಿನ ನಳಿಗೆ ದೇವಿಯ ಪಟದ ಕಡೆಗಿತ್ತು. ದೇವಿಗೆ ಬಂದೂಕು ಗುರಿಯಿಡುವುದು ಯಾವ ಶಾಸ್ತ್ರ ಎಂದು ನನಗೇ ಕಸಿವಿಸಿಯಾಗಿ, ಅದನ್ನು ತಿರುಗಿಸಿ ಇಟ್ಟೆ. ಆಮೇಲೆ ಅರಿಶಿನ, ಕುಂಕುಮ, ಚೆಂಡುಹೂ, ಆರತಿ. ಪೂಜೆಗೆ ಕೂತ ಆಯುಧವನ್ನು ದಶಮಿಯ ಪೂಜೆಯಾಗುವ ತನಕ ಮುಟ್ಟುವಂತಿಲ್ಲ. ನಮ್ಮಪ್ಪನ ಮನೆಯಲ್ಲಿ ಹಾಗೆ, ನಮ್ಮಲ್ಲೂ ಹಾಗೆ. ಹಾಗಾಗಿ ಅದು ಮರುದಿನ ಮಧ್ಯಾಹ್ನದವರೆಗೆ ನೆಲದಿಂದ ಒಂದು ಗೇಣು ಎತ್ತರದಲ್ಲಿ, ಹೂ ಮುಡಿದುಕೊಂಡು, ನಾವು ಓಡಾಡುವ ಕೋಣೆಯಲ್ಲೇ ಇತ್ತು. ಮಗಳು ಅದರ ಮುಂದೆ ಕುಳಿತು ಗೊಂಬೆಗೆ ಜಡೆ ಹಾಕಿದ್ದು ನನಗೆ ನೆನಪಿದೆ. ನೋಡಿ ಸಂತೋಷವೂ ಆಗಿತ್ತು.

ದಶಮಿಯ ದಿನ ಡಾಕ್ಟರು ಊಟಕ್ಕೆ ಬಂದರು. ಅವತ್ತು ನಮ್ಮ ಕಡೆಯವರು ಬನ್ನಿ ಎಲೆಗಳನ್ನು ಬಂಗಾರವೆಂದು ಒಬ್ಬರಿಗೊಬ್ಬರು ಕೊಟ್ಟು, ಬಂಗಾರದ ಹಾಗಿರೋಣ ಎಂದು ಹಾರೈಸುತ್ತಾರೆ. ಜಾರ್ಜಿಯಾದಲ್ಲಿ ಬನ್ನಿ ಎಲ್ಲಿ ಸಿಗಬೇಕು? ಹಿತ್ತಲಿನ ರೆಡ್‌ಬಡ್ ಗಿಡದ ಎಲೆ ಆ ಹೊತ್ತಿಗೆ ಹಳದಿ ತಿರುಗಿರುತ್ತದೆ, ಅದನ್ನೇ ಹೆಂಡತಿ ತಟ್ಟೆಯಲ್ಲಿ ಹರಡಿದ್ದಳು. ಪೂಜೆ ಮುಗಿಯಿತು. ಆಯುಧ ಎತ್ತುವ ಗೌರವ ಹಿರಿಯರಿಗೆ ಇರಲಿ ಎಂದು ಡಾಕ್ಟರಿಗೆ ಹೇಳಿದೆ. ಅವರು ಪಿಸ್ತೂಲನ್ನು ಕಣ್ಣಿಗೊತ್ತಿಕೊಳ್ಳಲಿಲ್ಲ. ಪಿಸ್ತೂಲು ಕೈಗೆ ಬಂದೊಡನೆ ಯಾವಾಗಲೂ ಮಾಡುವಂತೆ, ನಳಿಗೆಯನ್ನು ನೆಲದ ಮೂಲೆಗೆ ತಿರುಗಿಸಿ, ಮೇಲ್ಭಾಗವನ್ನು ಹಿಂದಕ್ಕೆ ಎಳೆದರು.

ಒಂದು ಗುಂಡು ಒಳಗಿಂದ ಚಿಮ್ಮಿ ಎಲೆಯ ತಟ್ಟೆಗೆ ಬಿತ್ತು.

ಛಾವಣಿಯವರು ಬಂದ ಮಧ್ಯಾಹ್ನ ನಾನು ಎಳೆದು ಬಿಟ್ಟಾಗ ಡಬ್ಬಿಯ ಒಂದು ಗುಂಡು ಮೇಲೇರಿ ನಳಿಗೆಯ ಬುಡದಲ್ಲಿ ಕೂತಿತ್ತು. ಡಬ್ಬಿ ತೆಗೆದರೂ ಅದು ಅಲ್ಲೇ ಇರುತ್ತದೆ. ಟ್ರಿಗರ್ ಒತ್ತಿದರೆ ಸಿಡಿಯುತ್ತದೆ. ಇದನ್ನು ಡಾಕ್ಟರು ಮೊದಲ ದಿನವೇ ನನಗೆ ಹೇಳಿಕೊಟ್ಟಿದ್ದರು. ಹತ್ತೋ ಹದಿನೈದೋ ಎಂದು ಇಡೀ ಬೇಸಿಗೆ ಡಬ್ಬಿಯ ಮಾತನ್ನೇ ಕೇಳಿ ಕೇಳಿ, ಡಬ್ಬಿಯಲ್ಲಿರುವುದೇ ಎಲ್ಲ ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

ಮಗಳು ತಟ್ಟೆಗೆ ಕೈ ಹಾಕಿ ಅದನ್ನು ಎತ್ತಿಕೊಂಡಳು. ಹಿತ್ತಾಳೆಯದು, ಎಲೆಗಿಂತ ಹೊಳೆಯುತ್ತಿತ್ತು. ನಿನ್ನೆಯ ಪಾಠ ಎಲ್ಲಿ ನಿಂತಿತ್ತು ಎಂಬುದು ಅವಳಿಗೆ ನೆನಪಿತ್ತು.

"ಅಪ್ಪಾ, ಹದಿನಾರು," ಎಂದಳು. ಮುಂದಿನ ಸಂಖ್ಯೆ ತನಗೆ ತಾನೇ ಬಂದ ಖುಷಿ ಅವಳ ಮುಖದಲ್ಲಿತ್ತು.

ಡಾಕ್ಟರು ಅವಳ ಕೈಯಿಂದ ಗುಂಡನ್ನು ಮೆಲ್ಲಗೆ ಬಿಡಿಸಿಕೊಂಡು ಜೇಬಿಗೆ ಹಾಕಿಕೊಂಡರು. ನನಗೆ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಹೆಂಡತಿ ಮಾತ್ರ ಮಣೆಯ ಮುಂದೆ ಮೊಣಕಾಲೂರಿ, ಹಿಂದಿನ ದಿನ ಮಗಳು ತಲೆಯಿಟ್ಟಿದ್ದ ಜಾಗದಲ್ಲಿ ತನ್ನ ತಲೆಯಿಟ್ಟು, ಅಲ್ಲಿಂದ ಕಣ್ಣೆತ್ತಿ ಕೆಂಪು ಬಟ್ಟೆಯನ್ನು ನೋಡಿದಳು. ಪಿಸ್ತೂಲಿನ ಗುರುತು ಬಟ್ಟೆಯ ಮೇಲೆ ಇನ್ನೂ ಇತ್ತು, ನಳಿಗೆಯ ಬಾಯಿ ಅವಳ ಹಣೆಯ ಕಡೆಗೆ.

"ನಿನ್ನೆ ಅಕಿ ಕಡಿಂದ ಮೂರು ಸಲ ನಮಸ್ಕಾರ ಮಾಡಿಸೀನಿ," ಎಂದಳು. "ಮೊದಲನೇದ್ದು ಸರಿಯಾಗಿ ಬಗ್ಗಲಿಲ್ಲ ಅಂತ, ಮುಂದ ಸರದು ಮಾಡು ಅಂತ ನಾನ ಹೇಳೀನಿ."

ಅಷ್ಟು ವರ್ಷ ಪಟ್ಟ ಹೆದರಿಕೆಗಳೆಲ್ಲ ಆಟದ ಹೆದರಿಕೆಗಳು ಎಂದು ಆಗ ತಿಳಿಯಿತು. ಬೀದಿಯ ಆ ಎರಡು ಮನೆಗಳ ಹಿಂಬಾಗಿಲು ಮುರಿದವರು ನನ್ನ ಮಗಳ ಹತ್ತಿರವೂ ಸುಳಿದಿರಲಿಲ್ಲ, ನಾನು ಸುಳಿದಿದ್ದೆ.

ಪಿಸ್ತೂಲನ್ನೂ ಮೂರು ಡಬ್ಬಿಗಳನ್ನೂ ಡಾಕ್ಟರು ತಮ್ಮ ಕಾರಿನಲ್ಲಿಟ್ಟು ಬಂದರು. ಅದು ಮತ್ತೆ ನಮ್ಮ ಮನೆಗೆ ಬರಲಿಲ್ಲ. ಊಟಕ್ಕೆ ಮೊದಲು ಬನ್ನಿ ಕೊಡುವುದು ಉಳಿದಿತ್ತು. ಮಗಳಿಗೆ ಮಾತ್ರ ಎಲ್ಲ ಹಬ್ಬದಂತೆಯೇ ಇತ್ತು. ಡಾಕ್ಟರ್ ಅಂಕಲ್‌ಗೆ ಒಂದು ಎಲೆ ಕೊಟ್ಟಳು, ಅಮ್ಮನಿಗೆ ಒಂದು. ಆಮೇಲೆ ನನ್ನ ಹತ್ತಿರ ಬಂದು, ಎಲೆಯನ್ನು ಅಂಗೈಯಲ್ಲಿಟ್ಟು, ತನ್ನ ಇಂಗ್ಲಿಷ್ ಹತ್ತಿದ ಕನ್ನಡದಲ್ಲಿ ಬಂಗಾರದ ಹಾಗಿರೋಣ ಎಂದು ಕಲಿತದ್ದನ್ನು ಒಪ್ಪಿಸಿ, ತಾಯಿ ಕಲಿಸಿದ ಹಾಗೆ ಸರಿಯಾಗಿ ಬಗ್ಗಿ ನನ್ನ ಪಾದಕ್ಕೆ ಹಣೆ ಹಚ್ಚಲು ಬಂದಳು. ನಾನು ಕಾಲು ಹಿಂದಕ್ಕೆ ತೆಗೆದುಕೊಂಡೆ.