ಎಣ್ಣೆ ಬಿಟ್ಟವರ ಮಾತು

ಛತ್ರಪತಿ ಸಂಭಾಜಿನಗರದ ಆಯುರ್ವೇದ ಆಸ್ಪತ್ರೆಯೊಂದರಲ್ಲಿ ಮಂಜುಳಾಗೆ ಫೋನ್ ಮಾಡುವ ಕೆಲಸ. ನೋವಿಗೆಂದು ಭಂಗಿ ಸೊಪ್ಪಿನ ಎಣ್ಣೆ ತೆಗೆದುಕೊಳ್ಳುವ ರೋಗಿಗಳಿಗೆ ತಿಂಗಳಿಗೊಮ್ಮೆ ಫೋನ್ ಹಚ್ಚಿ, ನೋವು ಇಳಿಯಿತೇ, ನಿದ್ದೆ ಬರುತ್ತದೆಯೇ, ಬೇರೇನಾದರೂ ತೊಂದರೆಯಾಯಿತೇ ಎಂದು ಕೇಳಿ ಕಂಪ್ಯೂಟರಿಗೆ ಹಾಕಬೇಕು. ಔಷಧಿ ಯಾರಿಗೆ ಹಿಡಿಸುತ್ತದೆ, ಯಾರಿಗೆ ಇಲ್ಲ ಎಂಬುದು ಇಂಥ ನೂರಾರು ಜನರ ಮಾತಿನಿಂದಲೇ ತಿಳಿಯಬೇಕು ಎನ್ನುತ್ತಿದ್ದರು ಡಾಕ್ಟರ್ ಉಮಾನಾಥ. ಅವಳು ಇಂಡಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರ ಮಗಳು. ಕನ್ನಡದ ರೋಗಿಗಳೆಲ್ಲ ಅವಳ ಪಾಲಿಗೇ. ದಿನವಿಡೀ ಪರರ ನೋವು ಕೇಳಿದ ಮೇಲೆ, ಮನೆಯಲ್ಲಿ ಅತ್ತೆ ಮಂಡಿ ಹಿಡಿದುಕೊಂಡು ಕೂತರೂ ಏನಾಯಿತೆಂದು ಕೇಳುವ ತ್ರಾಣ ಅವಳಲ್ಲಿ ಉಳಿಯುತ್ತಿರಲಿಲ್ಲ.

ಬಿಡಕಿನ್‌ನ ಮಾಳಪ್ಪ ಕಟ್ಟಡದಿಂದ ಬಿದ್ದು ಬೆನ್ನು ಕೆಡಿಸಿಕೊಂಡವನು. ಪ್ರತಿ ಸಲವೂ "ಭಾಳ ಆರಾಮ ಐತಿ ಯವ್ವಾ" ಎನ್ನುತ್ತಿದ್ದವನು ಇದ್ದಕ್ಕಿದ್ದಂತೆ ಫೋನ್ ಎತ್ತುವುದನ್ನೇ ನಿಲ್ಲಿಸಿದ.

"ಸಿಗಲಿಲ್ಲ ಅಂತ ಹಾಕಿಬಿಡಿ," ಎಂದರು ಡಾಕ್ಟರು.

ಹಾಗೆ ಹಾಕಿ ಹಾಕಿ ಅವಳಿಗೂ ಸಾಕಾಗಿತ್ತು. ರವಿವಾರ ಬಸ್ಸು ಹತ್ತಿ ಬಿಡಕಿನ್‌ಗೆ ಹೋದಳು.

ಬಾಗಿಲು ತೆರೆದವಳು ಮಾಳಪ್ಪನ ಹೆಂಡತಿ ಚನಬಸವ್ವ. "ಎಣ್ಣಿ ಬಿಟ್ಟು ಭಾಳ ದಿನ ಆತ್ರಿ," ಎಂದಳು. "ತೊಗೊಂಡ್ರ ತಲಿ ತಿರಗತಿತ್ತು. ಬಚ್ಚಲದಾಗ ಬಿದ್ರು."

ಒಳಗೆ ಗೋಡೆಗೆ ಒರಗಿದ್ದ ಮಾಳಪ್ಪ ತಲೆ ತಗ್ಗಿಸಿದ.

"ಫೋನಿನ್ಯಾಗ ಆರಾಮ ಅಂತಿದ್ರಲ್ರಿ ಕಾಕಾ?"

"ನೀ ಅಷ್ಟು ಅಂತಃಕರಣಲೆ ಕೇಳತಿದ್ದಿ. ಇಲ್ಲ ಅನ್ನಾಕ ಬಾಯಿ ಬರಲಿಲ್ಲ. ಕಡೀಕ ಸುಳ್ಳು ಹೇಳಾಕೂ ನಾಚಿಕಿ ಬಂತು."

ತಾನು ಕಂಪ್ಯೂಟರಿಗೆ ಹಾಕಿದ್ದೆಲ್ಲ ಮಂಜುಳಾಗೆ ನೆನಪಾಯಿತು. ತನ್ನ ದನಿಗೆ ಮನಸೋತು ಇನ್ನೆಷ್ಟು ಜನ ಆರಾಮ ಅಂದಿದ್ದಾರೋ!

ಸೋಮವಾರ ವಿಷಯ ಕೇಳಿದ ಡಾಕ್ಟರು ಕಂಪ್ಯೂಟರಿನಲ್ಲಿದ್ದ ಪಟ್ಟಿಯನ್ನು ಮೊದಲಿನಿಂದ ನೋಡಿದರು. ಕೊನೆಗೆ, "ಎಲ್ಲರನ್ನೂ ಇನ್ನೊಮ್ಮೆ ಕೇಳೋಣ. ಬಿಟ್ಟವರನ್ನು ಮೊದಲು," ಎಂದರು.

ಈಗ ಅವಳು ತೊಂದರೆಯನ್ನೇ ಮೊದಲು ಕೇಳುತ್ತಾಳೆ; "ಆರಾಮ ಇಲ್ಲ ಅಂದ್ರೂ ನಡೀತದ್ರಿ" ಎಂದು ಸೇರಿಸುತ್ತಾಳೆ. ಮಾತು ಉದ್ದವಾಗುತ್ತದೆ, ಗಂಟಲು ಒಣಗುತ್ತದೆ. ಹೀಗೆ ಕೇಳಿದ ಮೇಲೆ ಹಲವರ 'ಆರಾಮ' ಕರಗಿ ತೊಂದರೆಗಳು ಹೊರಬಿದ್ದವು. ನಾಸಿಕದ ಹತ್ತಿರದ ಪಿಂಪಳಗಾಂವ್‌ನಲ್ಲಿ ಹೋಟೆಲು ನಡೆಸುವ ವಾರಿಜಾಕ್ಷಿ ಮಾತ್ರ, "ನಿದ್ದೆ ಬರ್ತದೆ ಮಾರಾಯ್ತಿ, ಸುಳ್ಳಲ್ಲ," ಎಂದು ನಕ್ಕರು.

ಮಾಳಪ್ಪನಿಗೆ ಡಾಕ್ಟರು ಬೇರೆ ಔಷಧಿ ಬರೆದುಕೊಟ್ಟರು. ಅದರ ಗುಣವೂ ಅಷ್ಟಕ್ಕಷ್ಟೇ.